ಕ್ಯಾಲೆಂಡರಿನಲ್ಲಿ ದಸ್ತಗೀರನ ಪಾಳಿ

ನಾನು ನಿವೃತ್ತನಾಗಿ ಮೂರು ತಿಂಗಳಾಗಿತ್ತು. ನನ್ನ ಜಾಗಕ್ಕೆ ಬಂದ ಸವಿತಾ ಗೋಕಾಕದ ಆಸ್ಪತ್ರೆಯಿಂದ ಫೋನು ಮಾಡಿದಳು.

"ಸರ, ಡಯಾಲಿಸಿಸ್ ಕ್ಯಾಲೆಂಡರದಾಗ ದಸ್ತಗೀರ ಅಂತ ಒಂದ ಹೆಸರ ಐತ್ರಿ. ಮಂಗಳವಾರ, ಶುಕ್ರವಾರ. ಮುಂದಿನ ವರ್ಷ ತಗದ ನೋಡಿದ್ರೂ ಐತಿ. ಕೊನೀ ತಾರೀಖ ಇಲ್ಲ. ಪೇಶೆಂಟ್ ಯಾದಿಯೊಳಗ ಅಂಥಾವ್ರು ಯಾರೂ ಇಲ್ರಿ. ಅಳಿಸಿಬಿಡ್ಲೇನು?"

ಸ್ವಲ್ಪ ತಡಿ, ಬರೆದು ಕಳಿಸುತ್ತೇನೆ ಅಂದೆ. ಕೆಲಸ ಬಿಡುವ ದಿನ ಅವಳಿಗೆ ಒಂದು ದಪ್ಪ ಫೈಲು ಕೊಟ್ಟಿದ್ದೆ. ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಯಾವ ಯುಪಿಎಸ್ ಎಷ್ಟು ಹೊತ್ತು ತಾಳುತ್ತದೆ, ಮೂಡಲಗಿಯ ಲೈನು ಕೆಟ್ಟರೆ ಟೆಲಿಫೋನ್ ಕಚೇರಿಯಲ್ಲಿ ಯಾರ ಹತ್ತಿರ ಸೌಮ್ಯವಾಗಿ ಮಾತಾಡಬೇಕು, ಎಲ್ಲವೂ ಅದರಲ್ಲಿತ್ತು. ದಸ್ತಗೀರನ ವಿಷಯ ಮಾತ್ರ ಇರಲಿಲ್ಲ. ಬರೆದರೆ ನನ್ನ ತಪ್ಪುಗಳನ್ನೂ ಬರೆಯಬೇಕಾಗುತ್ತಿತ್ತು, ಅದಕ್ಕೇ ಬಿಟ್ಟಿದ್ದೆ. ಈಗ ಬರೆಯುತ್ತೇನೆ, ಸ್ವಲ್ಪ ಹಿಂದಿನಿಂದ.

ಕಂಪ್ಯೂಟರಿಗಿಂತ ಮೊದಲು ನಾನು ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಗೋಕಾಕದ ವಕೀಲರ ಕಚೇರಿಗಳು, ಹುಕ್ಕೇರಿಯ ಸರಕಾರಿ ಕಚೇರಿಗಳು, ಮೂಡಲಗಿಯ ಸೊಸೈಟಿಗಳು ನನ್ನ ಗಿರಾಕಿಗಳು. ಚೀಲದಲ್ಲಿ ಎಣ್ಣೆ, ಬ್ರಶ್ಶು, ನಾಲ್ಕು ಸ್ಕ್ರೂಡ್ರೈವರು ಇದ್ದರೆ ಸಾಕಿತ್ತು. ಒಮ್ಮೆ ಹುಕ್ಕೇರಿಯಲ್ಲಿ ಒಬ್ಬ ಟೈಪಿಸ್ಟರು ಬಲತುದಿಯ ಅಕ್ಷರ ಅರ್ಧವೇ ಮೂಡುತ್ತದೆ ಅಂದರು. ನಾನು ದೊಡ್ಡ ಮೆಕ್ಯಾನಿಕ್ ಅಲ್ಲವೇ, ಒಂದೂ ಮಾತು ಕೇಳದೆ ಯಂತ್ರವನ್ನು ಪೂರ್ತಿ ಬಿಚ್ಚಿ ಎರಡು ತಾಸು ಒರೆಸಿ ಜೋಡಿಸಿದೆ. ಮತ್ತೆ ಅರ್ಧವೇ ಮೂಡಿತು. ಆಗ ಅವರ ಕೈ ನೋಡಿದೆ. ಬಲಗೈ ಕಿರುಬೆರಳಿಗೆ ಉಗುರುಸುತ್ತಾಗಿ ಬಟ್ಟೆ ಕಟ್ಟಿಕೊಂಡಿದ್ದರು. "ನೀವು ಬೆರಳ ಬಗ್ಗೆ ಕೇಳಲೇ ಇಲ್ಲಲ್ರಿ" ಅಂದರು, ತಪ್ಪು ನನ್ನದೇ ಎಂಬಂತೆ. ತಪ್ಪು ನನ್ನದೇ ಆಗಿತ್ತು.

ಯಂತ್ರಕ್ಕಿಂತ ಮೊದಲು ಯಂತ್ರದ ಮುಂದೆ ಕೂತವರನ್ನು ಕೇಳಬೇಕು ಎಂದು ಆ ದಿನ ಕಲಿತೆ. ಮುಂದೆ ದೊಡ್ಡ ದೊಡ್ಡ ಯಂತ್ರಗಳು ಕೈಗೆ ಬಂದಾಗ ಮರೆತೆ.

ಟೈಪ್‌ರೈಟರುಗಳು ಮೂಲೆ ಸೇರಿದ ಮೇಲೆ ಕಂಪ್ಯೂಟರ್ ಕೋರ್ಸು ಮಾಡಿ ಗೋಕಾಕದ ಟ್ರಸ್ಟ್ ಆಸ್ಪತ್ರೆ ಸೇರಿದೆ. ಅದಕ್ಕೆ ಮೂಡಲಗಿಯಲ್ಲಿ ಒಂದು, ಹುಕ್ಕೇರಿಯಲ್ಲಿ ಒಂದು ಚಿಕ್ಕ ಕೇಂದ್ರ. ದೊಡ್ಡ ಡಾಕ್ಟರರು ಯಾವ ದಿನ ಎಲ್ಲಿ ಸಿಗುತ್ತಾರೆಂಬುದು ಮೊದಲು ಫೋನಿನಲ್ಲೇ ತಿಳಿಯುತ್ತಿತ್ತು. ಎರಡು ಸಾವಿರದ ಆಚೆ ಮೂರ್ನಾಲ್ಕು ವರ್ಷಕ್ಕೆ ಗೋಕಾಕದಲ್ಲಿ ಮೇಲ್ ಸರ್ವರ್ ಬಂತು. ಅದರೊಳಗೆ ಎಲ್ಲರೂ ಹಂಚಿಕೊಂಡು ನೋಡುವ ಒಂದು ಕ್ಯಾಲೆಂಡರು. ಅಸಲು ಪ್ರತಿ ಗೋಕಾಕದ ಸರ್ವರಿನಲ್ಲಿ. ಮೂಡಲಗಿ, ಹುಕ್ಕೇರಿಯ ಲೈನು ಗಳಿಗೆಗೊಮ್ಮೆ ಕಡಿಯುತ್ತಿದ್ದುದರಿಂದ ಅಲ್ಲಿಯ ಕಂಪ್ಯೂಟರುಗಳಲ್ಲಿ ಒಂದೊಂದು ನಕಲು ಪ್ರತಿ. ಲೈನು ಬಂದಾಗ ಅಸಲು, ನಕಲು ಎರಡೂ ತಾಳೆ ನೋಡಿಕೊಳ್ಳುತ್ತವೆ. ಇಷ್ಟು ನೆನಪಿಟ್ಟುಕೋ, ಮುಂದೆ ಇದೇ ಮುಖ್ಯ.

ಯಾರು ನೋಡಬಹುದು, ಯಾರು ಬರೆಯಬಹುದು ಎಂಬ ಹಕ್ಕು ಕೊಡುವುದು ನನ್ನ ಕೆಲಸ. ಮೊದಲ ವಾರವೇ ಮೂಡಲಗಿ ಕೇಂದ್ರದ ಮಹಾದೇವಿಗೆ ನಾನು ಕೊಟ್ಟ ಹಕ್ಕು ವಿಚಿತ್ರವಾಗಿತ್ತು: ಬರೆಯಬಹುದು, ಬರೆದದ್ದನ್ನು ನೋಡುವಂತಿಲ್ಲ. ಅಂಚೆ ಡಬ್ಬಿಗೆ ಕಾಗದ ಹಾಕಿದ ಹಾಗೆ. ಪಾಪ, ಆಕೆ ಹರ್ನಿಯಾ ಆಪರೇಷನ್ನಿಗೆ ಒಬ್ಬ ಅಜ್ಜನ ಹೆಸರು ಬರೆದಳು, ಕಾಣಲಿಲ್ಲ. ಮತ್ತೆ ಬರೆದಳು. ಹೀಗೆ ಆರು ಸಲ. ಸರ್ಜನ್ನರು ಬೆಳಿಗ್ಗೆ ಕ್ಯಾಲೆಂಡರು ತೆರೆದು ನನ್ನನ್ನು ಕರೆಸಿದರು. "ಚೌಗಲಾ, ಈ ಅಜ್ಜಗ ಎಷ್ಟ ಹೊಟ್ಟಿ ಅದಾವು?" ಅಂದರು. ಆ ತಪ್ಪಿನಿಂದ ಯಾರಿಗೂ ನೋವಾಗಲಿಲ್ಲ, ಎಲ್ಲರೂ ನಕ್ಕರು, ನಾನೂ ನಕ್ಕೆ.

ಎರಡನೆಯ ತಪ್ಪಿಗೆ ನಾನು ನಗಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಹುಕ್ಕೇರಿ ಕೇಂದ್ರಕ್ಕೆ ಶಕೀಲಾ ಎಂಬ ಹುಡುಗಿ ಹೊಸದಾಗಿ ಬಂದಿದ್ದಳು. ಅವಳ ಕಂಪ್ಯೂಟರನ್ನು ಸಿದ್ಧಮಾಡಿ ಕೊಟ್ಟವನು ನಾನೇ. ಅದರ ಸಮಯವಲಯ ನಮಗಿಂತ ಐದೂವರೆ ತಾಸು ಹಿಂದಿನ ಹೊರದೇಶದ್ದಾಗಿತ್ತು; ಅದನ್ನು ನಮ್ಮ ದೇಶಕ್ಕೆ ಬದಲಿಸುವುದನ್ನು ಮರೆತು, ಗಡಿಯಾರವನ್ನಷ್ಟೇ ಇಲ್ಲಿಯ ಹೊತ್ತಿಗೆ ತಿರುಗಿಸಿ ಬಿಟ್ಟಿದ್ದೆ. ಗೋಕಾಕದಲ್ಲಿ ಬೆಳಗಿನ ಹತ್ತು ಗಂಟೆಗೆಂದು ಬರೆದದ್ದು ಅವಳ ಪರದೆಯಲ್ಲಿ ನಾಲ್ಕೂವರೆ ಎಂದು ಕಾಣುತ್ತಿತ್ತು. ಅವಳು ಇದ್ದದ್ದನ್ನು ಇದ್ದಂತೆ ರೋಗಿಗಳಿಗೆ ಓದಿ ಹೇಳಿದಳು. ನಾಲ್ಕು ಜನ ಹಿಂದಿನ ದಿನವೇ ಗೋಕಾಕಕ್ಕೆ ಬಂದು ಬೀಗರ ಮನೆಗಳಲ್ಲಿ ಉಳಿದು, ಕೋಳಿ ಕೂಗುವ ಹೊತ್ತಿಗೆ ಮಿಂದು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಿದ್ದರು. ಒಬ್ಬರೂ ತಕರಾರು ಮಾಡಲಿಲ್ಲ. ದೊಡ್ಡ ಡಾಕ್ಟರು ಅಂದಮೇಲೆ ಅಷ್ಟು ಬೇಗ ಏಳುತ್ತಿರಬೇಕು ಅಂದುಕೊಂಡಿದ್ದರಂತೆ.

ನಮ್ಮ ಆಡಳಿತಾಧಿಕಾರಿ ದೇಶಪಾಂಡೆ ಸಾಹೇಬರಿಗೆ ಸಿಟ್ಟು ಬಂತು. ಬ್ಯಾಂಕಿನಿಂದ ನಿವೃತ್ತರಾಗಿ ಬಂದವರು, ಚಹಾಪುಡಿಯ ಡಬ್ಬಿಗೂ ಕೀಲಿ ಹಾಕುವ ಮನುಷ್ಯ, ಆದರೆ ಪ್ರಾಮಾಣಿಕರು. "ಹುಡುಗಿ ಹೊಸಾಕಿ, ತಪ್ಪ ಓದ್ಯಾಳ" ಎಂದು ತಾವೇ ತೀರ್ಮಾನಿಸಿದರು. ನಾನು ಹುಕ್ಕೇರಿಗೆ ಹೋಗಿ ವಲಯ ಸರಿಪಡಿಸಿ ಬಂದೆ. ತೀರ್ಮಾನವನ್ನು ಸರಿಪಡಿಸಲಿಲ್ಲ. ಅಂದಿನಿಂದ ಸಾಹೇಬರ ಬಾಯಲ್ಲಿ ಅವಳು "ನಾಲ್ಕೂವರಿ ಹುಡುಗಿ" ಆದಳು.

ಮುಂದೆ ಆಸ್ಪತ್ರೆಗೆ ಎರಡು ಡಯಾಲಿಸಿಸ್ ಯಂತ್ರ ಬಂದವು. ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ಅವು ತೊಳೆದು ಕೊಡುತ್ತವೆ. ವಾರಕ್ಕೆ ಎರಡು ಸಲ, ಸಲಕ್ಕೆ ನಾಲ್ಕು ತಾಸು. ಪಾಳಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡೂವರೆಗೆ, ಸಂಜೆ ಐದಕ್ಕೆ ಎಂದು ದಿನಕ್ಕೆ ಮೂರು ಪಾಳಿ. ಆ ಪಾಳಿಗಳೂ ಇದೇ ಕ್ಯಾಲೆಂಡರಿಗೆ ಬಂದವು, ಪ್ರತಿ ವಾರ ತಾವೇ ಮರುಕಳಿಸುವಂತೆ, ಕೊನೆಯ ತಾರೀಖು ಇಲ್ಲದಂತೆ. ಕೊನೆಯ ತಾರೀಖು ಹಾಕಲು ಯಾರಿಗೂ ಮನಸ್ಸು ಬರಲಿಲ್ಲ.

ದಸ್ತಗೀರ ಯಮಕನಮರಡಿಯ ದರ್ಜಿ. ನನಗಿಂತ ಹತ್ತು ವರ್ಷ ಚಿಕ್ಕವನು, ಅದಕ್ಕೇ ಏಕವಚನ. ಮಂಗಳವಾರ ಮತ್ತು ಶುಕ್ರವಾರದ ಬೆಳಗಿನ ಪಾಳಿ ಅವನದು. ಬುಧವಾರ ಮತ್ತು ಶನಿವಾರದ ಬೆಳಗಿನದು ಮೂಡಲಗಿಯ ಬಾಳಪ್ಪ ಮಾಸ್ತರರದು. ಅವರಿಬ್ಬರಿಗೂ ಪರಿಚಯವಾದದ್ದು ತಪಾಸಣೆಗೆ ಬಂದ ದಿನ, ಆಸ್ಪತ್ರೆಯ ಬೆಂಚಿನ ಮೇಲೆ.

ಈಗ ನನಗೆ ತಿಳಿಯದೆ ಹೋದ ಸಂಗತಿ. ನಮ್ಮ ಕಡೆ ಹೊಲದ ಕೆಲಸದಲ್ಲಿ ಮುಯ್ಯಿ ಇದೆಯಲ್ಲ, ಇವತ್ತು ನಿಮ್ಮ ಹೊಲಕ್ಕೆ ನಾವು ಬರುತ್ತೇವೆ, ನಮ್ಮ ಹೊಲಕ್ಕೆ ಕೆಲಸ ಬಂದಾಗ ನೀವು ಬನ್ನಿ ಎನ್ನುವುದು, ಅದನ್ನೇ ಈ ರೋಗಿಗಳು ಪಾಳಿಗೂ ತಂದಿದ್ದರು. ಮಾಸ್ತರರಿಗೆ ಬುಧವಾರ ನೆಂಟರಲ್ಲಿ ಕಾರ್ಯವಿದ್ದರೆ ದಸ್ತಗೀರನ ಮಂಗಳವಾರ ಅವರಿಗೆ, ಅವರ ಬುಧವಾರ ಇವನಿಗೆ. ಮಹಾದೇವಿಗೋ ಶಕೀಲಾಗೋ ಒಂದು ಮಾತು ಹೇಳಿದರೆ ಅವರು ಕ್ಯಾಲೆಂಡರಿನಲ್ಲಿ ಹೆಸರು ಅದಲುಬದಲು ಮಾಡುತ್ತಿದ್ದರು. ಯಾರ ಅಪ್ಪಣೆಯೂ ಬೇಕಿರಲಿಲ್ಲ. ದಿನಕ್ಕೆ ಮೂರು ನಾಲ್ಕು ಬದಲಾವಣೆ ಸರ್ವರಿನಲ್ಲಿ ನನಗೆ ಕಾಣುತ್ತಿತ್ತು. ಹುಡುಗಿಯರು ಸರಿಯಾಗಿ ಕೇಳಿಸಿಕೊಳ್ಳದೆ ಬರೆಯುತ್ತಾರೆ, ಆಮೇಲೆ ತಿದ್ದುತ್ತಾರೆ ಅಂದುಕೊಂಡೆ. ಕೇಳಲಿಲ್ಲ.

ಒಂದು ದಿನ ಎರಡೂ ಕೇಂದ್ರದವರು ಒಂದೇ ಹೊತ್ತಿಗೆ ಬರೆದು, ಒಂದು ಪಾಳಿಗೆ ಇಬ್ಬರು ಬಂದು ನಿಂತರು. ಸಾಹೇಬರು ನನ್ನನ್ನು ಕರೆಸಿದರು.

"ಎಲ್ಲಾರ ಕೈಯಾಗ ಕೀಲಿ ಕೊಟ್ರ ಹೆಂಗರಿ ಚೌಗಲಾ? ಗೋಕಾಕ ಟೇಬಲ್ ಒಂದ ಬರೀಲಿ. ಉಳದಾವ್ರು ನೋಡ್ಲಿ, ಅಷ್ಟ."

ಗೋಕಾಕ ಟೇಬಲ್ ಅಂದರೆ ಇಲ್ಲಿಯ ಆಸ್ಪತ್ರೆಯಲ್ಲಿ ಬಂದವರ ಹೆಸರು ಬರೆದುಕೊಳ್ಳುವವರು. ನನಗೂ ಖರೆ ಅನಿಸಿತು. ಐದು ನಿಮಿಷದ ಕೆಲಸ. ಎರಡೂ ಕೇಂದ್ರಗಳ ಬರೆಯುವ ಹಕ್ಕು ತೆಗೆದೆ. ನನ್ನ ಪಕ್ಕದ ಕಂಪ್ಯೂಟರಿನಲ್ಲಿ ಪರೀಕ್ಷಿಸಿದೆ. ಬರೆಯಲು ಹೋದರೆ "ನಿಮಗೆ ಹಕ್ಕಿಲ್ಲ" ಎಂದು ಥಟ್ಟನೆ ಹೇಳಿತು. ಎರಡೂ ಕೇಂದ್ರಗಳಿಗೆ ಆಫೀಸು ಇಂಗ್ಲಿಷಿನಲ್ಲಿ, ಹುಡುಗಿಯರಿಗೆ ಅರ್ಥವಾಗದ ನಾಲ್ಕು ಸಾಲಿನ ಮೇಲ್ ಕಳಿಸಿ ಚಹಾ ಕುಡಿಯಲು ಹೋದೆ. ನಾನು ಪರೀಕ್ಷಿಸಿದ್ದು ಸರ್ವರಿನ ಪಕ್ಕದ, ಎಂದೂ ಲೈನು ಕಡಿಯದ ಯಂತ್ರದಲ್ಲಿ. ಹುಕ್ಕೇರಿಯ ಯಂತ್ರ ಕೆಲಸ ಮಾಡುತ್ತಿದ್ದುದು ನಕಲು ಪ್ರತಿಯ ಮೇಲೆ. ಅದು ಬರೆದದ್ದನ್ನೆಲ್ಲ ಮರುಮಾತಿಲ್ಲದೆ ಬರೆಸಿಕೊಂಡು ಪರದೆಯ ಮೇಲೆ ತೋರಿಸುತ್ತಿತ್ತು. ಆಮೇಲೆ ಸರ್ವರು ಅದನ್ನು ತಿರಸ್ಕರಿಸಿದರೆ, ಯಾರೂ ತೆರೆಯದ ಒಂದು ಫೋಲ್ಡರಿಗೆ ಸದ್ದಿಲ್ಲದೆ ಚೀಟಿ ಹಾಕುತ್ತಿತ್ತು.

ಎರಡು ವಾರ ಕಳೆಯಿತು. ಒಂದು ಬುಧವಾರ ಬೆಳಿಗ್ಗೆ ಎಂಟರ ಸುಮಾರಿಗೆ ನನಗೆ ಗೋಕಾಕ ಟೇಬಲ್ಲಿನಿಂದ ಕರೆ ಬಂತು. ಹೋಗಿ ನೋಡಿದರೆ ದಸ್ತಗೀರ ಬೆಂಚಿನ ಮೇಲೆ ಕೂತಿದ್ದ. ಕಾಲು ಬಾತು ಚಪ್ಪಲಿ ಹಿಡಿಸದೆ ಕೈಯಲ್ಲಿ ಹಿಡಿದುಕೊಂಡಿದ್ದ. ಒಂದು ವಾಕ್ಯಕ್ಕೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದ.

"ಮಾಸ್ತರ್ ನಿನ್ನೆ ಬಂದ ಹೋಗ್ಯಾರ್ರಿ ಸರ. ಅವರಿಗಿ ನಂದು ಕೊಟ್ಟೇನಿ. ಇವತ್ತಿಂದು ನಂದು. ಶಕೀಲಾ ಬರಕೊಂಡಾಳ."

ಟೇಬಲ್ಲಿನವರ ಪರದೆಯಲ್ಲಿ ಹಾಗಿರಲಿಲ್ಲ. ಮಂಗಳವಾರ ದಸ್ತಗೀರ ಎಂದಿತ್ತು, ಆತ ಬಂದಿರಲಿಲ್ಲ. ಮಾಸ್ತರರು ಬಂದಿದ್ದರು, ಖಾಲಿ ಇತ್ತೆಂದು ಅವರನ್ನು ಯಂತ್ರಕ್ಕೆ ಹಚ್ಚಿದ್ದರು. ಮಾಸ್ತರರದು ಮುಗಿಯಿತೆಂದು ಬುಧವಾರದ ಅವರ ಪಾಳಿಯನ್ನು ತುರ್ತಾಗಿ ಬಂದ ಒಬ್ಬ ಹೆಣ್ಣುಮಗಳಿಗೆ ಕೊಟ್ಟಿದ್ದರು. ಅವರು ಆಗಲೇ ಯಂತ್ರದಲ್ಲಿದ್ದರು. ಇನ್ನೊಂದು ಯಂತ್ರವೂ ಭರ್ತಿ. ದಸ್ತಗೀರನ ರಕ್ತ ಕಳೆದ ಶುಕ್ರವಾರದಿಂದ ತೊಳೆದಿರಲಿಲ್ಲ. ಖಾಲಿ ಇದ್ದದ್ದು ಸಂಜೆ ಐದರ ಪಾಳಿ ಮಾತ್ರ. ಡಾಕ್ಟರರು ಆಮ್ಲಜನಕ ಹಚ್ಚಿದರು. ಯಂತ್ರದ ತಂತ್ರಜ್ಞ ನನ್ನನ್ನು ಪಕ್ಕಕ್ಕೆ ಕರೆದು, "ಐದರ ತನಕ ತಡಿಯೂದು ಕಠಿಣ ಐತ್ರಿ. ಬೆಳಗಾವಿಗಿ ಕಳಸಬೇಕಂದ್ರ ಎರಡ ತಾಸ, ಅಲ್ಲಿ ಪಾಳಿ ಸಿಗೂದು ಖಾತ್ರಿ ಇಲ್ಲ" ಅಂದ.

ಸಾಹೇಬರು ಆಗಲೇ ಹುಕ್ಕೇರಿಗೆ ಫೋನು ಮಾಡಿಯಾಗಿತ್ತು. ನಾನು ನನ್ನ ಕೋಣೆಗೆ ಹೋಗಿ ಶಕೀಲಾಳಿಗೆ ಫೋನು ಹಚ್ಚಿದೆ.

"ಸಾಹೇಬ್ರು ಮನಿಗಿ ಹೋಗಂದಾರ್ರಿ ಸರ," ಅಂದಳು. ಅವಳು ಅಳುತ್ತಿರಲಿಲ್ಲ. "ಆಫೀಸ್ ಕೀಲಿ ಯಾರಿಗಿ ಕೊಡ್ಲಿ?"

"ಸ್ವಲ್ಪ ಕುಂದರು. ನಿನ್ನ ಮೇಲ್ ತಗಿ. ಎಡಕ್ಕ ಎಲ್ಲಾಕ್ಕಿಂತ ಕೆಳಗ ತಾಳೆ ಆಗದಿದ್ದದ್ದು ಹಾಕೂ ಫೋಲ್ಡರ್ ಒಂದ ಐತಿ, ನೋಡು."

"ಇದನ್ನ ಎಂದೂ ತಗದಿಲ್ರಿ... ಇದರಾಗ ಹನ್ನೊಂದ ಅದಾವ್ರಿ."

"ಓದು."

ಅವಳು ಒಂದೊಂದೇ ಓದಿದಳು. ಪ್ರತಿಯೊಂದೂ ಒಬ್ಬರ ಪಾಳಿ ಇನ್ನೊಬ್ಬರಿಗೆ ಕೊಟ್ಟದ್ದು. ಹಿಂದಿನ ಹತ್ತರಲ್ಲಿ ಪಾಳಿ ಬದಲಿಸಿಕೊಂಡ ಇಬ್ಬರೂ ತಮ್ಮ ತಮ್ಮೊಳಗೆ ಹೊಂದಿಸಿಕೊಂಡು ಬಂದಿದ್ದರು, ಟೇಬಲ್ಲಿನವರು ಬಂದವರನ್ನು ಬಂದಂತೆ ಹಚ್ಚಿದ್ದರು, ಅದೃಷ್ಟದಿಂದ ನಡೆದುಹೋಗಿತ್ತು. ಹನ್ನೊಂದನೆಯದು: ಮಂಗಳವಾರ ಬಾಳಪ್ಪ ಮಾಸ್ತರ, ಬುಧವಾರ ದಸ್ತಗೀರ.

"ನಾ ಬರದಿದ್ನಲ್ರಿ ಸರ," ಅಂದಳು ನಿಧಾನವಾಗಿ.

"ಬರದಿದ್ದಿ. ನಾ ಬಾಗಲಾ ಹಾಕಿದ್ದೆ. ಕೀಲಿ ಯಾರಿಗೂ ಕೊಡಬ್ಯಾಡ, ಅಲ್ಲೇ ಕುಂದರು."

ಸಾಹೇಬರ ಕೋಣೆಗೆ ಹೋಗುವಾಗ ನನಗೆ ಹೆದರಿಕೆ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಕೆಲಸ ಹೋಗುವ ಹೆದರಿಕೆಗಿಂತ, ಆ ಬೆಂಚಿನ ಮೇಲಿನ ಮನುಷ್ಯನಿಗೆ ಏನಾದರೂ ಆದರೆ ಎಂಬ ಹೆದರಿಕೆ. ನಿಂತೇ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನಾಲ್ಕೂವರೆಯದನ್ನೂ ಹೇಳಿಬಿಟ್ಟೆ. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದೂ ನಿಮ್ಮದ?"

"ಅದೂ ನಂದ್ರಿ."

"ಮತ್ತ ಇಷ್ಟ ದಿನಾ ಆ ಹುಡುಗಿಗಿ ನಾ ಅಂದದ್ದು?"

ಬರೆದು ಕೊಡಿ ಅಂದರು. ಅಲ್ಲೇ ಕೂತು ಬರೆದು ಸಹಿ ಮಾಡಿದೆ. ಮನೆಗೆ ಹೋಗಬೇಡ ಎಂದು ಹೇಳಲು ಅವರು ಹುಕ್ಕೇರಿಗೆ ತಾವೇ ಮತ್ತೆ ಫೋನು ಹಚ್ಚಿದರು.

ಇದರಿಂದ ದಸ್ತಗೀರನಿಗೆ ಯಂತ್ರ ಸಿಗಲಿಲ್ಲ. ಹನ್ನೊಂದು ಗಂಟೆಗೆ ಮೂಡಲಗಿ ಬಸ್ಸಿನಿಂದ ಪದ್ಮವ್ವ ಇಳಿದು ಬಂದರು. ಅರವತ್ತು ದಾಟಿದ ಜೈನ ಹೆಣ್ಣುಮಗಳು, ಬುಧವಾರ, ಶನಿವಾರ ಮಧ್ಯಾಹ್ನದ ಪಾಳಿ ಅವರದು. ಆ ಪಾಳಿಯನ್ನು ಅವರು ಹಟ ಮಾಡಿ ಪಡೆದದ್ದು ಊಟಕ್ಕಾಗಿ. ಯಂತ್ರಕ್ಕೆ ಹಚ್ಚಿಕೊಳ್ಳುವ ದಿನ ಅದಕ್ಕಿಂತ ಮೊದಲು ಏನೇ ಉಂಡರೂ ಅವರಿಗೆ ವಾಂತಿ. ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ನಾಲ್ಕೂವರೆಗೆ ಮುಗಿದರೆ ಆಸ್ಪತ್ರೆಯ ಹಿಂದಿನ ತಂಗಿಯ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಆಗುತ್ತಿತ್ತು.

ಅವರು ದಸ್ತಗೀರನ ಬಾಜೂ ಕೂತರು. ಅವನ ಕಾಲು ನೋಡಿದರು. ಏನಾಯಿತೆಂದು ಅವನನ್ನೇ ಕೇಳಿದರು, ಅವನು ಉಸಿರು ತೆಗೆದುಕೊಳ್ಳುವ ತನಕ ಕಾದು ಕೇಳಿಸಿಕೊಂಡರು. ಆಮೇಲೆ ನನ್ನನ್ನು ಕರೆದರು.

"ಹನ್ನೆರಡೂವರಿದು ಇವಗ ಹಚ್ಚರಿ. ನಾ ಐದಕ್ಕ ಹಚ್ಚಗೋತೇನಿ."

"ಅವ್ವಾರ, ಐದಕ್ಕ ಹಚ್ಚಗೊಂಡ್ರ ಮುಗೀಲಿಕ್ಕ ಒಂಬತ್ತ ಆಗತೈತ್ರಿ. ನಿಮ್ಮ ಊಟ?"

"ನೀವೂ ಜೈನರ, ನಿಮಗ ತಿಳಿಸಿ ಹೇಳಬೇಕೇನು? ಒಂದ ದಿನ ಉಪಾಸ ಆಗತೈತಿ. ನಾಳಿಗಿ ಹೊತ್ತ ಹುಟ್ಟತೈತಲ್ಲ."

ದಸ್ತಗೀರ ಬೇಡವೆನ್ನಲು ಕೈ ಎತ್ತಿದ. "ಸುಮ್ಮ ಕುಂದರೋ," ಅಂದರು ಪದ್ಮವ್ವ. "ಪುಕ್ಕಟ ಕೊಡಾಕತ್ತಿಲ್ಲ. ಮುಯ್ಯಿ ಐತಿ ಇದು. ನನಗ ಬೇಕಾದಾಗ ನಿಂದೊಂದ ಪಾಳಿ ಕೇಳತೇನಿ."

ಸಾಹೇಬರು ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದರು. ನನ್ನ ಕಡೆ ನೋಡಿ, "ಬರ್ಕೋರಿ" ಅಂದರು ಅಷ್ಟೇ. ನಾನು ಟೇಬಲ್ಲಿನ ಕಂಪ್ಯೂಟರಿನಲ್ಲಿ ಎರಡು ಹೆಸರು ಅದಲುಬದಲು ಮಾಡಿದೆ. ಇಷ್ಟು ದಿನ ಹುಡುಗಿಯರು ಮಾಡುತ್ತಿದ್ದ ಕೆಲಸ ಏನೆಂದು ಆಗ ಕೈಗೆ ತಿಳಿಯಿತು.

ಹನ್ನೆರಡೂವರೆಗೆ ದಸ್ತಗೀರನನ್ನು ಹಚ್ಚಿದರು. ಮೂರರ ಹೊತ್ತಿಗೆ ಅವನು ಒಂದೇ ಉಸಿರಿಗೆ ಒಂದು ವಾಕ್ಯ ಮಾತಾಡಿದ. ಸಂಜೆ ಪದ್ಮವ್ವನ ಪಾಳಿ ಮುಗಿಯುವ ತನಕ ನಾನು ಅಲ್ಲೇ ಇದ್ದೆ. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬ ನೇಮ ಪಾಲಿಸುವವನು ನಾನಲ್ಲ, ದಿನಾ ಒಂಬತ್ತಕ್ಕೇ ಉಣ್ಣುವವನು. ಅವತ್ತು ಮಾತ್ರ ಉಣ್ಣಲು ನಾಚಿಕೆಯಾಯಿತು. ನೀರು ಕುಡಿದು ಮಲಗಿದೆ.

ಮರುದಿನ ಎರಡೂ ಕೇಂದ್ರಗಳಿಗೆ ಬರೆಯುವ ಹಕ್ಕು ಮರಳಿ ಕೊಟ್ಟೆ. ಸಾಹೇಬರು ಒಂದೇ ಷರತ್ತು ಹಾಕಿದರು: ಬದಲಿಸಿದವರು ತಮ್ಮ ಹೆಸರನ್ನೂ, ಯಾರ ಪಾಳಿ ಯಾರಿಗೆ ಹೋಯಿತೆಂಬುದನ್ನೂ ಬರೆದು, ಟೇಬಲ್ಲಿಗೆ ಫೋನಿನಲ್ಲಿ ಹೇಳಬೇಕು. ಆಮೇಲೆ ನಾನು ಬಸ್ಸು ಹತ್ತಿ ಹುಕ್ಕೇರಿಗೆ ಹೋದೆ. ಆ ಕಂಪ್ಯೂಟರಿನ ಮುಂದೆಯೇ ಕೂತು, ಬರೆದದ್ದು ಸರ್ವರಿಗೆ ಮುಟ್ಟುತ್ತದೆಯೇ ಎಂದು ಪರೀಕ್ಷಿಸಿದೆ. ಶಕೀಲಾಳ ಕ್ಷಮೆ ಕೇಳಿದೆ.

"ಹಂಗಾರ ಸರ, ನಾಲ್ಕೂವರಿದೂ ನಿಮ್ಮದ?"

"ಅದೂ ನಂದ."

"ನಾ ಒಂದ ವರ್ಷ ಗಡಿಯಾರ ಎರಡೆರಡ ಸಲ ನೋಡಿ ಓದಾಕತ್ತಿದ್ದೆ," ಅಂದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆಮೇಲೆ ದಸ್ತಗೀರ ಎರಡು ವರ್ಷ ಬಂದು ಹೋಗುತ್ತಿದ್ದ. ಒಂದು ಪಾಳಿಯೂ ತಪ್ಪಲಿಲ್ಲ. ಪದ್ಮವ್ವ ಎದುರು ಸಿಕ್ಕಾಗಲೆಲ್ಲ, "ಅವ್ವಾರ, ನಿಮ್ಮ ಮುಯ್ಯಿ ಬಾಕಿ ಐತ್ರಿ, ಯಾವಾಗ ತಗೋತೀರಿ?" ಎಂದು ಕೇಳುತ್ತಿದ್ದ. "ತಗೋತೇನಿ ತಡಿಯೋ, ಏನ ಅವಸರ ಐತಿ" ಎನ್ನುತ್ತಿದ್ದರು ಅವರು. ಅವರು ತೆಗೆದುಕೊಳ್ಳುವ ಮುಂಚೆಯೇ ಒಂದು ಮಧ್ಯಾಹ್ನ ಅವನು ಯಮಕನಮರಡಿಯ ತನ್ನ ಮನೆಯಲ್ಲಿ, ಹೊಲಿಗೆ ಯಂತ್ರದ ಮುಂದೆ, ಹೃದಯ ನಿಂತು ತೀರಿಕೊಂಡ.

ವಾರದ ಮೇಲೆ ಶಕೀಲಾ ಫೋನು ಮಾಡಿದಳು.

"ಸರ, ದಸ್ತಗೀರ ಚಾಚಾಂದು ತಗ್ಯಾಕ ಹೋದ್ರ ಇದು ಕೇಳಾಕತ್ತೈತ್ರಿ, ಈ ಒಂದ ದಿನಾ ತಗೀಲೋ, ಎಲ್ಲಾ ತಗೀಲೋ ಅಂತ."

ಎಲ್ಲಾ ಎಂದು ಒತ್ತು, ಅಂದೆ. ಸರಿಯಾದ ಉತ್ತರ ಅದೇ.

"ಆದ್ರ ಪದ್ಮವ್ವಾರ ಮುಯ್ಯಿ ತೀರಿಲ್ಲಲ್ರಿ. ಎಲ್ಲಾ ತಗದ್ರ ಎಲ್ಲಿಂದ ಕೊಡೂದು? ನಾ ಒಂದೊಂದ ದಿನಾ ತಗದ, ಅವತ್ತ ಯಾರಿಗಿ ಬೇಕ ಅವರ ಹೆಸರ ಬರೀತೇನ್ರಿ. ಉಳದದ್ದು ಇರ್ಲಿ."

ಸವಿತಾ, ನೀನು ನೋಡಿದ್ದು ಇದೇ. ಅದು ದೋಷವಲ್ಲ. ಹತ್ತಿರದ ವಾರಗಳಲ್ಲಿ ಆ ಪಾಳಿಯಲ್ಲಿ ಬೇರೆ ಬೇರೆ ಹೆಸರುಗಳಿವೆ, ಯಂತ್ರ ಒಂದು ದಿನವೂ ಖಾಲಿ ಉಳಿದಿಲ್ಲ. ದೂರದ ವಾರಗಳಲ್ಲಿ ಮಾತ್ರ ದಸ್ತಗೀರನ ಹೆಸರಿದೆ. ಪದ್ಮವ್ವ ಈಗಲೂ ಬುಧವಾರ ಹನ್ನೊಂದರ ಬಸ್ಸಿಗೆ ಬರುತ್ತಾರೆ. ಬೇಕಾದರೆ ಹೋಗಿ ಮಾತಾಡಿಸು. ಅವರು ಒಂದು ದಿನ ಮಂಗಳವಾರದ್ದೋ ಶುಕ್ರವಾರದ್ದೋ ಪಾಳಿ ಕೇಳುತ್ತಾರೆ. ಆ ದಿನ ಶಕೀಲಾ ಅವರ ಹೆಸರು ಬರೆದು ಉಳಿದದ್ದನ್ನು ತಾನೇ ತೆಗೆಯುತ್ತಾಳೆ. ಅಳಿಸುವ ಹಕ್ಕು ನಿನಗೂ ಇದೆ, ಆದರೆ ನೀನು ಅಳಿಸಬೇಡ. ಅವನ ಹತ್ತಿರ ಅವರದೊಂದು ಪಾಳಿ ಇನ್ನೂ ಬಾಕಿ ಇದೆ.